ಇರುವೆ ಇಟ್ಟ ಮುಹೂರ್ತ

ಸಿರೋಂ ಅಗಲವಾದ ನದಿಯೇನಲ್ಲ. ಫ್ರಾನ್ಸಿನ ನೈಋತ್ಯ ಭಾಗದ ಪೈನ್ ಕಾಡುಗಳ ಮರಳುನೆಲದಲ್ಲಿ ಒಸರಿ, ಆಲ್ಡರ್, ಬೀಚ್ ಮರಗಳ ನೆರಳಲ್ಲೇ ಹರಿದು, ಬಿಸಿಲಿನ ಮುಖ ಹೆಚ್ಚು ನೋಡದೆ ಗರೋನ್ ನದಿಗೆ ಸೇರಿಬಿಡುತ್ತದೆ. ಹಾಗಾಗಿ ಅದರ ನೀರು ತಣ್ಣಗೆ. ಗರೋನ್ ಬಯಲಿನ ನದಿ, ಬೇಸಿಗೆಯಿಡೀ ಕಾದದ್ದು. ಸೆಪ್ಟೆಂಬರ್ ಕಳೆದು ಇರುಳು ಉದ್ದವಾಗತೊಡಗಿದಾಗ ಈ ಎರಡು ನೀರು ಕೂಡುವ ಕಡೆಯಿಂದ ಬೆಳಗಿನ ಜಾವ ಕಾವಳ ಏಳುತ್ತದೆ. ಮೊದಲು ಹೊಳೆಯ ಮೇಲೆ ತೆಳ್ಳಗೆ ಎಳೆದ ಬಿಳಿ ಗೆರೆ. ಆಮೇಲೆ ಗೆರೆ ದಪ್ಪವಾಗಿ, ದಡ ಹತ್ತಿ, ದ್ರಾಕ್ಷಿತೋಟದ ಸಾಲುಗಳ ನಡುವೆ ನುಸುಳಿ, ದಿಬ್ಬದ ಮೇಲಿನ ಮನೆಗಳ ಹೆಂಚಿನವರೆಗೂ ಬಂದು ನಿಲ್ಲುತ್ತದೆ. ಹತ್ತೂವರೆ ಹನ್ನೊಂದಕ್ಕೆ ಬಿಸಿಲು ಬಿದ್ದಾಗ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯುತ್ತದೆ.

ಬೋರ್ಡೋದಿಂದ ಆಗ್ನೇಯಕ್ಕೆ ನಲವತ್ತು ಕಿಲೋಮೀಟರ್ ದೂರದ ಈ ಸೋತೆರ್ನ್ ಸೀಮೆಯಲ್ಲಿ 2013ರ ಶರತ್ಕಾಲದಲ್ಲಿ ನಾನು ಬಹಳ ಹೊತ್ತು ನಿಂತು ನೋಡಿದ್ದು ಒಂದೇ ಒಂದು ಗೊಂಚಲನ್ನು. ಸೆಮಿಯೋಂ ಎಂಬ ಬಿಳಿ ದ್ರಾಕ್ಷಿ, ಸಿಪ್ಪೆ ತೆಳು. ಗೊಂಚಲಿನ ಎಲ್ಲ ಹಣ್ಣೂ ಒಂದೇ ಬಳ್ಳಿಯವು, ಒಂದೇ ಬಿಸಿಲು ಉಂಡವು. ಆದರೂ ಯಾವ ಎರಡರ ಬಣ್ಣವೂ ಒಂದಾಗಿರಲಿಲ್ಲ. ಮೇಲಿನ ಭುಜದ ಹಣ್ಣುಗಳು ತುಂಬಿಕೊಂಡು, ಬೆಳಕು ಹಾಯುವಷ್ಟು ತಿಳಿಯಾದ ಹೊಂಬಣ್ಣದಲ್ಲಿದ್ದವು. ಅವುಗಳ ಪಕ್ಕದವಕ್ಕೆ ಸಾಸಿವೆಯಷ್ಟು ಕಂದು ಚುಕ್ಕೆ ಬಿದ್ದಿತ್ತು. ಇನ್ನೂ ಕೆಳಗೆ ಚುಕ್ಕೆಗಳು ಕೂಡಿಕೊಂಡು ಹಣ್ಣು ಪೂರ್ತಿ ನೇರಳೆಗಂದಾಗಿತ್ತು, ಗಾತ್ರ ಮಾತ್ರ ಕುಗ್ಗಿರಲಿಲ್ಲ. ತುದಿಯಲ್ಲಿ ಮೂರೋ ನಾಲ್ಕೋ ಹಣ್ಣು ಸುಕ್ಕುಗಟ್ಟಿ, ಮೈಮೇಲೆ ಬೂದಿಬಣ್ಣದ ನವಿರು ತಳೆದು ಕೂತಿದ್ದವು. ಭೂತಗನ್ನಡಿ ಹಿಡಿದರೆ ಆ ನವಿರು ನಿಂತ ಎಳೆಗಳ ಕಾಡಾಗಿ ಕಾಣುತ್ತಿತ್ತು. ಒಂದೊಂದು ಎಳೆಯ ತುದಿಯಲ್ಲೂ ಬೀಜಕಣಗಳ ಸಣ್ಣ ಗೊಂಚಲು. ದ್ರಾಕ್ಷಿಯ ಮೇಲೆ ಇನ್ನೊಂದು ದ್ರಾಕ್ಷಿ.

ಇದು ಬೋಟ್ರೈಟಿಸ್ ಸಿನೆರಿಯಾ ಎಂಬ ಬೂಷ್ಟು. ನಮ್ಮ ಗುಲಾಬಿ ಬೆಳೆಗಾರರು ಪಾಲಿಹೌಸ್‌ನಲ್ಲಿ ಇದರ ಒಂದು ಕಲೆ ಕಂಡರೂ ನಿದ್ದೆಗೆಡುತ್ತಾರೆ. ಇಲ್ಲಿ ಇದಕ್ಕಾಗಿ ಕಾಯುತ್ತಾರೆ. ಬೆಳಗಿನ ಕಾವಳ ಬೂಷ್ಟಿಗೆ ಬದುಕು ಕೊಡುತ್ತದೆ, ಮಧ್ಯಾಹ್ನದ ಬಿಸಿಲು ಅದಕ್ಕೆ ಮಿತಿ ಹಾಕುತ್ತದೆ. ಎಳೆಗಳು ಸಿಪ್ಪೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣಗೆ ತೂತು ಮಾಡುತ್ತವೆ, ಒಳಗಿನ ನೀರು ಆರುತ್ತದೆ, ಸಕ್ಕರೆ ಉಳಿದು ಮಂದವಾಗುತ್ತದೆ. ಬೂಷ್ಟು ಸುಮ್ಮನೆ ನೀರು ಬತ್ತಿಸುವುದೂ ಅಲ್ಲ. ಹುಳಿಯನ್ನು ತಾನೂ ತಿಂದು, ಗ್ಲಿಸರಾಲ್‌ನಂಥ ಬೇರೆ ಕೆಲವನ್ನು ಬಿಟ್ಟುಹೋಗುತ್ತದೆ. ನಾಲ್ಕು ದಿನ ಬಿಸಿಲು ಬರದೆ ಮಳೆ ಹಿಡಿದರೆ ಮಾತ್ರ ಅದೇ ಬೂಷ್ಟು ಬರೀ ಕೊಳೆ.

ಆದ್ದರಿಂದ ಕೊಯ್ಲಿನವರು ಗೊಂಚಲು ಕೊಯ್ಯುವುದಿಲ್ಲ. ಮೊನೆಗತ್ತರಿ ಹಿಡಿದು ಬಾಗಿ, ಗೊಂಚಲನ್ನು ಎಡಗೈಯಲ್ಲಿ ನಿಧಾನವಾಗಿ ತಿರುಗಿಸಿ, ಸುಕ್ಕಿದ ಹಣ್ಣನ್ನಷ್ಟೇ ಬಿಡಿಸುತ್ತಾರೆ. ಉಳಿದದ್ದಕ್ಕೆ ವಾರ ಬಿಟ್ಟು ಮತ್ತೆ ಬರುತ್ತಾರೆ, ಮತ್ತೂ ಬರುತ್ತಾರೆ. ಒಬ್ಬ ಹೆಂಗಸು ಒಂದು ಹಣ್ಣಿನ ಮೇಲೆ ಕತ್ತರಿ ಇಟ್ಟು, ತಡೆದು, ಮೂಸಿ, ಹಾಗೆಯೇ ಬಿಟ್ಟು ಮುಂದೆ ಹೋದದ್ದನ್ನು ನೋಡಿದೆ. ಇಕೆಮ್ ಎಂಬ ಹೆಸರಾಂತ ತೋಟದಲ್ಲಿ ಒಂದು ಬಳ್ಳಿಗೆ ಒಂದು ಲೋಟ ವೈನ್ ಎನ್ನುವ ಲೆಕ್ಕ. ಕಾಲ ಕೂಡದ ವರ್ಷ ಅವರು ತೋಟದ ಹೆಸರಿನಲ್ಲಿ ವೈನನ್ನೇ ಹೊರಡಿಸುವುದಿಲ್ಲ. 1992ರಲ್ಲಿ ಹಾಗಾಯಿತು, 2012ರಲ್ಲೂ. ಕೊಯ್ಯದೆ ಉಳಿದ ಹಣ್ಣಿಗೆ ಬೇರೆ ಗಿರಾಕಿಗಳಿದ್ದಾರೆ. ಮಧ್ಯಾಹ್ನ ಬೆಚ್ಚಗಾಗುತ್ತಲೇ ರೆಡ್ ಅಡ್ಮಿರಲ್ ಚಿಟ್ಟೆಗಳು ಇಳಿಯುತ್ತಿದ್ದವು: ಕಡುಗಪ್ಪು ರೆಕ್ಕೆ, ಅಡ್ಡಕ್ಕೆ ಕೆಂಡದ ಪಟ್ಟೆ, ತುದಿಯಲ್ಲಿ ಬಿಳಿ ಬೊಟ್ಟು. ದಕ್ಷಿಣ ಭಾರತದ ಎತ್ತರದ ಬೆಟ್ಟಗಳಲ್ಲಿ ಇವುಗಳ ಹತ್ತಿರದ ಬಂಧುವನ್ನು ನೋಡಿದ್ದರಿಂದ ಗುರುತು ಹಿಡಿಯಲು ತಡವಾಗಲಿಲ್ಲ. ಸುರುಳಿ ಬಿಚ್ಚಿದ ಹೀರುಕೊಳವೆಯನ್ನು ಹಣ್ಣಿನ ಬಿರುಕಿಗೆ ಇಳಿಸಿ, ರೆಕ್ಕೆಯನ್ನು ಉಸಿರಾಟದ ಲಯದಲ್ಲಿ ತೆರೆದು ಮುಚ್ಚುತ್ತ, ಕೈ ಹತ್ತಿರ ತಂದರೂ ಏಳದಷ್ಟು ಮೈಮರೆತು ಕುಡಿಯುತ್ತಿದ್ದವು.

ಹೊರಡುವಾಗ ಬಾರ್ಸಾಕ್ ಊರಿನ ಚಿಕ್ಕ ತೋಟವೊಂದರಲ್ಲಿ 2009ರ ಕೊಯ್ಲಿನ ಅರ್ಧ ಬಾಟಲಿಯೊಂದನ್ನು ಕೊಂಡೆ. 375 ಮಿಲಿಲೀಟರ್. ಅದು ಒಳ್ಳೆಯ ವರ್ಷ, ಇನ್ನೂ ಎಷ್ಟೋ ವರ್ಷ ಇಡಬಹುದು ಎಂದರು ತೋಟದ ಯಜಮಾನರು. ಎಷ್ಟು ವರ್ಷ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಸೋತೆರ್ನ್ ವೈನನ್ನು ತುಂಬುವುದು ಬಣ್ಣವಿಲ್ಲದ ಗಾಜಿನಲ್ಲಿ. ಕೆಂಪು ವೈನಿನ ಹಸಿರು ಬಾಟಲಿ ತನ್ನೊಳಗನ್ನು ಬಿಟ್ಟುಕೊಡುವುದಿಲ್ಲ, ಇದು ಎಲ್ಲವನ್ನೂ ತೋರಿಸುತ್ತದೆ. ಆದರೆ ತೋರಿಸುವುದಕ್ಕೆ ಬೆಲೆಯಿದೆ. ಬೆಳಕಿನಲ್ಲಿರುವ ಅತಿನೇರಳೆ ಮತ್ತು ನೀಲಿ ಕಿರಣಗಳು ವೈನಿನ ರೈಬೋಫ್ಲೇವಿನನ್ನು ಕೆಣಕಿ, ಬೆಂದ ಎಲೆಕೋಸಿನ ದುರ್ವಾಸನೆ ಹುಟ್ಟಿಸಬಲ್ಲವು. ಬಿಸಿಲಿಗೆ ಒಡ್ಡಿದ ತಿಳಿಗಾಜಿನ ಬಾಟಲಿ ಕೆಡಲು ಹೆಚ್ಚು ದಿನ ಬೇಡ. ನೋಡುವುದೇ ನೋಡುವ ವಸ್ತುವಿಗೆ ಕೇಡು. ಹಕ್ಕಿಗೂಡು ನೋಡುವವರಿಗೆ ಈ ಸಂಕಟ ಗೊತ್ತು: ತಾಯಿಹಕ್ಕಿ ಮರಳುವ ಮುನ್ನ ಎಷ್ಟು ಕಂಡೀತೋ ಅಷ್ಟು, ಆಮೇಲೆ ಎದ್ದು ನಡೆಯಬೇಕು. ಬೆಂಗಳೂರಿನ ನನ್ನ ಮನೆಯ ಉಗ್ರಾಣದಲ್ಲಿ ಒಂದು ತಂಪುಪೆಟ್ಟಿಗೆಯಿದೆ. ಹನ್ನೆರಡು ಹದಿಮೂರು ಡಿಗ್ರಿ, ಒಳಗೆ ಕತ್ತಲೆ. ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ, ಬಾಟಲಿಯನ್ನು ತೆಗೆದು ಬಿಳಿ ಕಾಗದದ ಮುಂದೆ ಹಿಡಿದು, ಸಣ್ಣ ಟಾರ್ಚಿನ ಬೆಳಕನ್ನು ಒಂದೆರಡು ಉಸಿರಿನ ಹೊತ್ತು ಹಾಯಿಸಿ, ಕಂಡದ್ದನ್ನು ಬರೆದಿಡುತ್ತಿದ್ದೆ.

ಮೊದಲ ಬರಹದಲ್ಲಿ ‘ತಿಳಿ ಹೊನ್ನು, ಅಂಚಿನಲ್ಲಿ ಹಸಿರಿನ ಸುಳಿವು’ ಎಂದಿದೆ. ಹಸಿರು ಮೊದಲು ಹೋಯಿತು. ಹೋದದ್ದು ಯಾವಾಗ ಎಂದು ಹೇಳಲು ಬರುವುದಿಲ್ಲ; ಒಂದು ವರ್ಷ ‘ಇರಬಹುದು’ ಎಂದು ಬರೆದಿದ್ದೆ, ಮರುವರ್ಷ ಬರೆಯಲಿಲ್ಲ. ಆಮೇಲೆ ಕೆಲವು ಕಾಲ ಏನೂ ಆಗುತ್ತಿಲ್ಲವೆಂದೇ ಅನಿಸುತ್ತಿತ್ತು. ಹಿಂದಿನ ವರ್ಷದ ಫೋಟೊ ಪಕ್ಕಕ್ಕಿಟ್ಟಾಗಲೇ ಹೊನ್ನಿನಲ್ಲಿ ಹಳದಿ ಗಟ್ಟಿಯಾದದ್ದು, ಹಳದಿಯಲ್ಲಿ ಕಿತ್ತಳೆ ಸೇರಿದ್ದು ಗೊತ್ತಾಗುತ್ತಿದ್ದುದು. ಬಾಟಲಿಯನ್ನು ಓರೆ ಮಾಡಿದಾಗ ನಡುವಿನ ದಪ್ಪದಲ್ಲಿ ಒಂದು ಬಣ್ಣ, ಕುತ್ತಿಗೆಯ ಸಪೂರದಲ್ಲಿ ಇನ್ನೊಂದು. ಮೊದಲು ಬದಲಾಗುತ್ತಿದ್ದುದು ನಡುವಿನದು. ಕೊನೆಯ ಬರಹಗಳಲ್ಲಿ ಅಲ್ಲಿ ಜೇನುಗಂದು, ಬೆಳಕು ತಾಗಿದ ಕಡೆ ತಾಮ್ರದ ಮಿನುಗು. ಹೀಗೇ ಬಿಟ್ಟರೆ ದಶಕಗಳಲ್ಲಿ ಅದು ಕೆಂಗಂದಿಗೂ, ಅಲ್ಲಿಂದ ಕಾಫಿ ಕಷಾಯದ ಕಪ್ಪಿಗೂ ನಡೆದೇ ನಡೆಯುತ್ತದೆ. ಈ ನಡಿಗೆಯಲ್ಲಿ ಎಲ್ಲಿಯೂ ಶಿಖರವೊಂದು ನನಗೆ ಕಾಣಲಿಲ್ಲ. ವೈನ್ ಬಲ್ಲವರು ‘ಉತ್ತುಂಗ’ ಎಂದು ಸಲೀಸಾಗಿ ಹೇಳುತ್ತಾರೆ. ಕಣ್ಣಿಗೆ ಕಾಣುವುದು ಉದ್ದನೆಯ ಇಳಿಜಾರು ಮಾತ್ರ, ಎಲ್ಲಿ ಕೂತರೂ ನೋಟ ಚೆನ್ನಾಗಿಯೇ ಇದೆ.

ತಳದಲ್ಲಿ ಹರಳುಗಳು ಮೂಡಿದ್ದನ್ನೂ ಬರೆದಿದ್ದೇನೆ. ಮೊದಲು ಧೂಳೆಂದುಕೊಂಡೆ. ಬಾಟಲಿ ತಿರುಗಿಸಿದಾಗ ಧೂಳು ಮಿಂಚಿತು. ದ್ರಾಕ್ಷಿಯ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಂ ಜೊತೆಗೂಡಿ ತಂಪಿನಲ್ಲಿ ಹೀಗೆ ಹರಳುಗಟ್ಟುತ್ತದೆ. ನಮ್ಮ ಹುಣಸೆಯ ಹುಳಿಯೂ ಇದೇ ಆಮ್ಲದ್ದು. 1848ರಲ್ಲಿ ಯುವಕ ಲೂಯಿ ಪಾಶ್ಚರ್ ಈ ಆಮ್ಲದ ಲವಣವೊಂದರ ಹರಳುಗಳನ್ನು ಮಸೂರದಡಿ ಇಟ್ಟುಕೊಂಡು, ಎಡಗೈ ಬಲಗೈಯಂತೆ ಒಂದಕ್ಕೊಂದು ಪ್ರತಿಬಿಂಬವಾದ ಎರಡು ಬಗೆಯನ್ನು ಚಿಮಟದಿಂದ ಒಂದೊಂದಾಗಿ ಬೇರೆ ಮಾಡಿದರು. ಅಣುಗಳಿಗೂ ಎಡಬಲವಿದೆ ಎಂಬುದಕ್ಕೆ ಜಗತ್ತಿಗೆ ಸಿಕ್ಕ ಮೊದಲ ಸುಳಿವು ಆ ಕಣ್ಣುನೋವಿನ ಕೆಲಸ.

ಬಿರಡೆಯದು ಬೇರೆಯೇ ಕಾಲ. ಕಾರ್ಕ್ ಓಕ್ ಮರದ ತೊಗಟೆಯನ್ನು ಮೊದಲ ಬಾರಿ ಸುಲಿಯಲು ಮರಕ್ಕೆ ಇಪ್ಪತ್ತೈದು ವರ್ಷವಾಗಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಬಾಟಲಿಗೆ ಒದಗುವಂಥ ತೊಗಟೆ ಸಿಗುವುದು ಮೂರನೆಯ ಸುಲಿತದಿಂದ, ಅಷ್ಟರಲ್ಲಿ ಮರದ ವಯಸ್ಸು ನಲವತ್ತು ದಾಟಿರುತ್ತದೆ. ಪೋರ್ಚುಗಲ್‌ನಲ್ಲಿ ಸುಲಿದ ಮರದ ಮೇಲೆ ಆ ವರ್ಷದ ಕೊನೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಬರೆಯುತ್ತಾರೆ. ಹೊಸದಾಗಿ ಸುಲಿದ ಕಾಂಡ ಕಾವಿಬಣ್ಣದ್ದು. ವರ್ಷ ಕಳೆದಂತೆ ಅದು ಇಟ್ಟಿಗೆಗೆಂಪಾಗಿ, ಕಂದಾಗಿ, ಕೊನೆಗೆ ಹೊಸ ತೊಗಟೆಯ ಬೂದಿಯಲ್ಲಿ ಮುಚ್ಚಿಹೋಗುತ್ತದೆ. ಅಂಕಿ ಓದದೆಯೂ ಬಣ್ಣ ನೋಡಿ ವರ್ಷ ಹೇಳಬಲ್ಲವರಿರಬೇಕು. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಸಣ್ಣ ಸಣ್ಣ ಕೋಣೆಗಳನ್ನು ಕಂಡದ್ದು ಇದೇ ತೊಗಟೆಯ ಹೋಳಿನಲ್ಲಿ. ಒಂದು ಘನ ಸೆಂಟಿಮೀಟರಿಗೆ ಸುಮಾರು ನಾಲ್ಕು ಕೋಟಿ ಕೋಣೆ, ಪ್ರತಿಯೊಂದರಲ್ಲೂ ಗಾಳಿ. ಒತ್ತಿದರೆ ಕುಗ್ಗಿ, ಬಿಟ್ಟರೆ ಹಿಗ್ಗಿ, ಗಾಜಿನ ಗೋಡೆಗೆ ಅವು ಆತುಕೊಳ್ಳುತ್ತವೆ. ಬಾಟಲಿಯೊಳಗೆ ವರ್ಷಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಆಮ್ಲಜನಕ ಸೇರುತ್ತದೆ. ನಾನು ಕಂಡ ಬಣ್ಣಗಳಲ್ಲಿ ಅದಕ್ಕೂ ಪಾಲಿದೆ. ಅರ್ಧ ಬಾಟಲಿಗೂ ಪೂರ್ತಿ ಬಾಟಲಿಗೂ ಬಾಯಿಯ ಅಳತೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ಚಿಕ್ಕದು ಬೇಗ ಮುಪ್ಪಾಗುತ್ತದೆ.

ತೆರೆಯುವುದು ಯಾವಾಗ ಎಂದು ಮನೆಗೆ ಬಂದವರು ಕೇಳುತ್ತಿದ್ದರು. ದೊಡ್ಡ ಸಂದರ್ಭ ಬರಲಿ ಎನ್ನುತ್ತಿದ್ದೆ. ನಮ್ಮಂಥ ಮನೆಗಳಲ್ಲಿ ಇದೊಂದು ತಮಾಷೆ: ಗೃಹಪ್ರವೇಶ, ನಾಮಕರಣ, ಅರವತ್ತರ ಶಾಂತಿ, ಯಾವುದನ್ನು ದೊಡ್ಡ ಸಂದರ್ಭ ಎನ್ನುತ್ತೇವೋ ಅಲ್ಲಿಗೆ ವೈನ್ ಬಾಟಲಿ ತರುವಂತಿಲ್ಲ. ತರಬಹುದಾದ ಸಂದರ್ಭಗಳು ಬಾಟಲಿಗೆ ಸಾಲವು. ಹೀಗೆ ಎಷ್ಟೋ ದಿನಗಳು ಹಾದುಹೋದವು. 1811ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣುತ್ತಿದ್ದಾಗ ಕೊಯ್ದ ದ್ರಾಕ್ಷಿಯ ಇಕೆಮ್ ಬಾಟಲಿಯೊಂದು ಇನ್ನೂರು ವರ್ಷ ಯಾವ ಸಂದರ್ಭಕ್ಕೂ ತೆರೆಯದೆ ಉಳಿದು, 2011ರಲ್ಲಿ ಲಂಡನ್ನಿನಲ್ಲಿ 75,000 ಪೌಂಡಿಗೆ ಮಾರಾಟವಾಯಿತು. ಅಷ್ಟು ತಲೆಮಾರಿನ ಜನ ಅದನ್ನು ನೋಡಿ ನೋಡಿ ಮತ್ತೆ ಒಳಗಿಟ್ಟಿರಬೇಕು.

ನನ್ನ ಬಾಟಲಿ ಹೀಗೆ ಕಾಯುತ್ತಿರುವಾಗ ಒಂದು ಬೇಸಿಗೆ ಬೆಂಗಳೂರಿಗೆ ಮಳೆ ಬರಲಿಲ್ಲ. ಮಧ್ಯಾಹ್ನಗಳಲ್ಲಿ ಕರೆಂಟು ಹೋದರೆ ಗಂಟೆಗಟ್ಟಲೆ ಬರುತ್ತಿರಲಿಲ್ಲ. ಒಂದು ಸಂಜೆ ಉಗ್ರಾಣದ ಗೋಡೆಯ ಮೇಲೆ ಕಿಟಕಿಯ ಚೌಕಟ್ಟಿನಿಂದ ಇಳಿಯುತ್ತಿದ್ದ ಇರುವೆಸಾಲು ಕಂಡಿತು. ಟ್ಯಾಪಿನೋಮಾ ಮೆಲನೋಸಿಫಲಮ್, ನಮ್ಮೆಲ್ಲರ ಮನೆಯಲ್ಲೂ ಇರುವ, ಒಂದೂವರೆ ಮಿಲಿಮೀಟರಿನ ಆಸುಪಾಸಿನ ಇರುವೆ. ತಲೆ ಕಡುಗಂದು, ಹೊಟ್ಟೆ ಕಾಲುಗಳು ಎಷ್ಟು ಮಸುಕೆಂದರೆ ಸುಣ್ಣದ ಗೋಡೆಯ ಮೇಲೆ ಬರೀ ತಲೆಗಳು ನಡೆಯುತ್ತಿರುವಂತೆ ತೋರುತ್ತದೆ. ಹೊಸಕಿದರೆ ಕೆಟ್ಟ ಕೊಬ್ಬರಿಯ ವಾಸನೆ. ಕಟ್ಟಿರುವೆಗಳ ಹಾಗೆ ಶಿಸ್ತಿನ ಸಾಲು ಇವುಗಳದಲ್ಲ. ಎರಡು ಬೆರಳಗಲದ ಹಾದಿಯಲ್ಲಿ ಸೊಟ್ಟಸೊಟ್ಟಗೆ ಧಾವಿಸಿ, ಎದುರು ಬಂದುದಕ್ಕೆ ಮುಖ ಕೊಟ್ಟು, ಸ್ಪರ್ಶಾಂಗಗಳಿಂದ ತಡಕಿ, ತಟ್ಟನೆ ದಿಕ್ಕು ಬದಲಿಸುತ್ತವೆ. ಹಾದಿ ತಂಪುಪೆಟ್ಟಿಗೆಯ ಬಾಗಿಲಿನ ರಬ್ಬರು ಬಿರುಕು ಬಿಟ್ಟ ಕಡೆ ಒಳಹೊಕ್ಕಿತ್ತು.

ಬಾಗಿಲು ತೆರೆದೆ. ಒಳಗೆ ತಂಪು ಅರ್ಧ ಉಳಿದಿತ್ತು. ಗೋಡೆಯ ಮೇಲೆ ಅಷ್ಟು ಚುರುಕಾಗಿದ್ದ ಇರುವೆಗಳು ಇಲ್ಲಿ ಕಾಲು ಎಣಿಸಿ ಇಡುತ್ತಿದ್ದವು. ಮರದ ಹಲಗೆಯ ಅಂಚು ಹಿಡಿದು, ಬೇರೆ ಬಾಟಲಿಗಳನ್ನು ತಿರುಗಿಯೂ ನೋಡದೆ, ಬಾರ್ಸಾಕಿನ ಅರ್ಧ ಬಾಟಲಿಯ ಕುತ್ತಿಗೆಯಲ್ಲಿ ಮುಗಿದಿತ್ತು ಸಾಲು. ಬಿಸಿಗೆ ಹಿಗ್ಗಿದ ವೈನ್ ಬಿರಡೆಯ ಪಕ್ಕದಿಂದ ದಾರಿ ಮಾಡಿಕೊಂಡು, ಲೋಹದ ಟೊಪ್ಪಿಯ ಅಂಚಿನಲ್ಲಿ ಒಸರಿ ನಿಂತಿತ್ತು. ಆಲ್ಕೋಹಾಲ್ ಆರಿ ಹೋಗಿ ಉಳಿದದ್ದು ಅಂಟಾದ ಪಾಕದ ಒಂದು ಮಣಿ, ಕಡಲೆಬೇಳೆಯ ಅರ್ಧದಷ್ಟು. ಅದರ ಸುತ್ತ ತಲೆಗಳ ಉಂಗುರ.

ಬಾಟಲಿಯನ್ನು ಮಲಗಿಸಿದ ಹಾಗೆಯೇ ಮೇಜಿಗೆ ತಂದು ಭೂತಗನ್ನಡಿ ಹಿಡಿದು ಕೂತೆ. ಒಂದು ಇರುವೆ ಮಣಿಯ ಅಂಚಿಗೆ ಬಾಯಿ ಹಚ್ಚಿದರೆ ಕದಲುವುದಿಲ್ಲ. ಸ್ಪರ್ಶಾಂಗಗಳು ಹಿಂದಕ್ಕೆ ಮಡಚಿಕೊಂಡು ಸುಮ್ಮನಾಗುತ್ತವೆ, ಮುಂದಿನ ಎರಡು ಕಾಲು ಅಂಟಿಗೆ ಸಿಗದ ಹಾಗೆ ಅಗಲವಾಗಿ ಊರಿರುತ್ತವೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಹೊಟ್ಟೆಯ ಮುಂಭಾಗದಲ್ಲಿ ಒಂದು ಬಣ್ಣದ ಸುಳಿವು. ಹೊಟ್ಟೆ ಹಿಗ್ಗುತ್ತದೆ; ಮೇಲಿನ ಗಟ್ಟಿ ತಗಡುಗಳು ಒಂದರಿಂದೊಂದು ದೂರವಾಗಿ, ನಡುವಿನ ತೆಳುಪೊರೆ ಬಿಗಿಯಾಗಿ, ಅದರ ಮೂಲಕ ಒಳಗಿನದು ಕಾಣತೊಡಗುತ್ತದೆ: ಜೇನುಗಂದು, ತಾಮ್ರದ ಮಿನುಗು. ಪ್ರತಿ ವರ್ಷ ಕಾಗದದ ಮುಂದೆ ಹಿಡಿದು ಬರೆದ ಅದೇ ಬಣ್ಣ ಈಗ ಸೂಜಿಮೊನೆಯ ಅಳತೆಯಲ್ಲಿ. ಮೈಸೂರಿನ ವಿಜ್ಞಾನಿಯೊಬ್ಬರು ಸಕ್ಕರೆ ನೀರಿಗೆ ಕೆಂಪು, ಹಸಿರು, ನೀಲಿ ಬಣ್ಣ ಬೆರೆಸಿ ಇರುವೆಗಳಿಗೆ ಇಟ್ಟು, ಅವುಗಳ ಹೊಟ್ಟೆ ಹಾಗೆಯೇ ಬಣ್ಣಬಣ್ಣವಾದ ಚಿತ್ರಗಳನ್ನು 2011ರಲ್ಲಿ ತೆಗೆದಿದ್ದರು. ಅವು ನೆನಪಾದವು.

ತುಂಬಿಕೊಂಡದ್ದು ಹಿಂದೆ ಸರಿದು, ಮುಂಗಾಲಿನ ಬಾಚಣಿಗೆಯಲ್ಲಿ ಸ್ಪರ್ಶಾಂಗವನ್ನು ಎಳೆದು ಒರೆಸಿಕೊಂಡು, ಮನೆಯ ಕಡೆ ಹೊರಡುತ್ತದೆ. ದಾರಿಯಲ್ಲಿ ಖಾಲಿ ಹೊಟ್ಟೆಯದೊಂದು ಎದುರಾದರೆ ನಿಲ್ಲುತ್ತದೆ. ಇಬ್ಬರೂ ಮುಖಕ್ಕೆ ಮುಖ ತಂದು ತಲೆ ಎತ್ತುತ್ತಾರೆ. ಕುಡಿದದ್ದು ಇನ್ನೂ ಜೀರ್ಣವಾಗಿಲ್ಲ. ಗೂಡಿನ ಪಾಲನ್ನು ಕಾಯ್ದಿಡಲು ಇರುವೆಗೆ ಬೇರೆಯದೇ ಒಂದು ಚೀಲವಿದೆ. ಅಲ್ಲಿಂದ ಒಂದು ಹನಿ ಬಾಯಿಗೆ ಮರಳುತ್ತದೆ, ಇನ್ನೊಂದು ಅದನ್ನು ಹೀರುತ್ತದೆ. ಒಂದರ ಹೊಟ್ಟೆಯ ಬಣ್ಣ ತಿಳಿಯಾಗಿ ಇನ್ನೊಂದರದು ಗಾಢವಾಗುವುದನ್ನು ಮಸೂರದಲ್ಲಿ ಎರಡು ಸಲ ಸ್ಪಷ್ಟವಾಗಿ ಕಂಡೆ. ಮೂರನೆಯ ಸಲ ಮೇಜಿಗೆ ಯಾರೋ ಕೈಯೂರಿದರು, ಎರಡೂ ಬೆಚ್ಚಿ ಓಡಿದವು.

ಒಸರಿದ ಬಾಟಲಿಯನ್ನು ಮತ್ತೆ ಇಡುವಂತಿಲ್ಲ. ಹೊರಗೆ ಬಂದ ದಾರಿಯಲ್ಲೇ ಗಾಳಿ ಒಳಗೆ ಹೋಗುತ್ತದೆ. ಅಂದು ಏನೂ ವಿಶೇಷವಿರಲಿಲ್ಲ. ಮಂಗಳವಾರ, ರಾತ್ರಿಗೆ ಚಪಾತಿ. ನಾವು ಮೂವರಿದ್ದೆವು. ಬಾಟಲಿಯನ್ನು ಫ್ರಿಜ್ಜಿನಲ್ಲಿ ಒಂದು ಗಂಟೆ ನಿಲ್ಲಿಸಿ, ಟೊಪ್ಪಿ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ, ಬಿರಡೆಗೆ ಸುರುಳಿ ಇಳಿಸಿದೆ. ಮುರಿಯದೆ ಬಂತು. ತಳದಿಂದ ಮೂರನೆಯ ಎರಡು ಭಾಗ ತೊಯ್ದು ಅರಿಶಿನಗಂದಾಗಿತ್ತು, ಮೇಲಿನದು ಒಣಗಿತ್ತು, ಒಂದು ಪಕ್ಕದಲ್ಲಿ ಮಾತ್ರ ಕೂದಲೆಳೆಯ ಸುಕ್ಕೊಂದು ತಳದಿಂದ ತಲೆಯವರೆಗೆ ಓಡಿತ್ತು. ಬಿರಡೆ ಬಾಯಿಗೆ ಇಳಿದ ದಿನವೇ ಬಿದ್ದ ಮಡಿಕೆ ಇರಬೇಕು. ಅಷ್ಟು ಕಾಲವೂ ಅದು ಅಲ್ಲೇ ಇತ್ತು, ಬಿಸಿಲಿಗಾಗಿ ಕಾಯುತ್ತ.

ಲೋಟದಲ್ಲಿ ವೈನ್ ಗಾಜಿನೊಳಗೆ ಕಂಡದ್ದಕ್ಕಿಂತ ತಿಳಿಯಾಗಿತ್ತು. ತಿರುಗಿಸಿದರೆ ಒಳಮೈಗೆ ಹತ್ತಿಕೊಂಡು, ಇಳಿಯಲು ಅವಸರ ಮಾಡಲಿಲ್ಲ. ಮೊದಲು ಒಣಗಿದ ಕಿತ್ತಳೆ ಸಿಪ್ಪೆ. ಅದರ ಹಿಂದೆ ಜೇನುಮೇಣ. ಆಮೇಲೆ, ಲೋಟ ಕೈಯಲ್ಲಿ ಬೆಚ್ಚಗಾದಂತೆ, ಎಲ್ಲೋ ಕಂಡಿದ್ದೇನೆ ಅನ್ನಿಸುವ, ಹೆಸರಿಗೆ ಸಿಗದ ಒಂದು ವಾಸನೆ. ನಮ್ಮ ತಾಯಿ ಕುಡಿಯುವವರಲ್ಲ. ಲೋಟ ಇಸಿದುಕೊಂಡು ಒಮ್ಮೆ ಮೂಸಿ, ‘ಮೆಂತ್ಯ ಹುರಿದಂಗಿದೆ’ ಎಂದು ಹಿಂದಿರುಗಿಸಿದರು. ಸರಿಯಾಗಿಯೇ ಹೇಳಿದ್ದರು. ಬೂಷ್ಟು ಹಿಡಿದ ದ್ರಾಕ್ಷಿಯ ವೈನ್ ಹಳತಾಗುತ್ತ ಸೋಟೊಲಾನ್ ಎಂಬ ವಸ್ತು ಅದರಲ್ಲಿ ಹೆಚ್ಚುತ್ತದೆ. ಮೆಂತ್ಯಕ್ಕೆ ಅದರ ಕಂಪು ಕೊಡುವುದೂ ಅದೇ. ಕಂದಿದ ಬೆಲ್ಲದ ವಾಸನೆಗೂ ಮೆಂತ್ಯದ ವಾಸನೆಗೂ ನಡುವೆ ಅದು ಓಲಾಡುತ್ತದೆ, ಕಡಿಮೆಯಿದ್ದರೆ ಆ ಕಡೆ, ಹೆಚ್ಚಾದರೆ ಈ ಕಡೆ. ನಾಲಗೆಯ ಮೇಲೆ ಸಿಹಿ ಮೊದಲು ಬಂದು ಎಲ್ಲವನ್ನೂ ಆವರಿಸಿತು. ಹುಳಿ ತಡವಾಗಿ, ನಾಲಗೆಯ ಅಂಚುಗಳಿಂದ ಬಂದು, ಸಿಹಿಯನ್ನು ಒರೆಸಿಕೊಂಡು ಹೋಯಿತು.

ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ದಿನಕ್ಕೊಂದು ಗುಟುಕು ನೋಡಿದೆ. ಕಿತ್ತಳೆ ದಿನೇ ದಿನೇ ಇಳಿಯಿತು, ಮೆಂತ್ಯ ಏರಿತು. ಕೊನೆಗೆ ಹರಳುಗಳನ್ನು ಸೋಸಿ ಕಾಗದದ ಮೇಲೆ ಆರಿಸಿದೆ: ಬಣ್ಣವಿಲ್ಲದ ಚೂರುಗಳು, ಕೆಲವು ದೋಣಿಯಾಕಾರ, ಕೆಲವು ಒಡೆದ ಹಲಗೆಯ ಹಾಗೆ. ಹಲ್ಲಿನಡಿ ಕರಗದೆ ಕರಕರ ಎಂದವು, ಆಮೇಲೆ ಹುಳಿ. ಎರಡು ಹರಳನ್ನೂ ಪಕ್ಕದಲ್ಲಿ ತಳದ ವೈನಿನ ಒಂದು ಹನಿಯನ್ನೂ ಇರುವೆಗಳ ಹಾದಿಯಲ್ಲಿಟ್ಟೆ. ಹರಳನ್ನು ಅವು ತಡಕಿ ಬಿಟ್ಟವು. ಹನಿಯ ಬಳಿ ಮೊದಲು ಹಿಂಜರಿದು ಸುತ್ತು ಹಾಕಿದವು, ಆಲ್ಕೋಹಾಲ್ ಆರಿದ ಮೇಲೆ ಬಂದು ಕೂತವು. ಉಗ್ರಾಣದ ಹಾದಿಯಲ್ಲಿ ಮತ್ತೂ ಕೆಲವು ದಿನ ಒಂದೊಂದು ಇರುವೆ ಖಾಲಿ ಹಲಗೆಯವರೆಗೆ ಬಂದು ತಿರುಗಿ ಹೋಗುತ್ತಿತ್ತು. ವಾರದ ಕೊನೆಗೆ ಸಾಲು ಅಡುಗೆಮನೆಯ ಕಡೆ ಹೊರಳಿತು. ಅಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ.